ಮಾವನವರ ಡಬ್ಬಿ, ನನ್ನ ಕ್ಯಾಮೆರಾ

ನಮ್ಮ ಮನೆಯಲ್ಲಿ ಬಿಸ್ಕತ್ತಿನ ಒಂದು ಹಳೆಯ ತಗಡಿನ ಡಬ್ಬಿ ಇದೆ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದಾಗಲೇ ಅದರ ತುಂಬ ನಾಣ್ಯಗಳಿದ್ದವು. ಮಾವನವರು 1957ರಲ್ಲಿ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಆ ವರ್ಷ ಏಪ್ರಿಲ್ 1ರಿಂದ ನಯೇ ಪೈಸೆ ಜಾರಿಗೆ ಬಂತು. ರೂಪಾಯಿಗೆ 16 ಆಣೆ, 64 ಪೈಸೆ ಎಂದು ಮಗ್ಗಿಯಂತೆ ಕಲಿತಿದ್ದ ಜನಕ್ಕೆ ಒಮ್ಮೆಲೇ ರೂಪಾಯಿಗೆ ನೂರು! ಒಂದಾಣೆಗೆ 6 ನಯೇ ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಮೂರನೆಯ ಆಣೆಗೆ ಮಾತ್ರ ಏಳು ಯಾಕೆ ಎಂದು ಗಿರಾಕಿಗಳು ದಿನವೂ ಜಗಳ ತೆಗೆಯುತ್ತಿದ್ದರಂತೆ. ಆ ಗದ್ದಲದಲ್ಲಿ ಮಾವನವರು ತಮ್ಮ ಜೇಬಿನ ಹಣ ಗಲ್ಲಾಕ್ಕೆ ಹಾಕಿ, ಮರೆಯಾಗಲಿದ್ದ ಹಳೆಯ ನಾಣ್ಯಗಳನ್ನು ಒಂದೊಂದಾಗಿ ಎತ್ತಿಟ್ಟುಕೊಂಡರು.

ಈಗ ಅವರ ಕಣ್ಣಿನ ನಡುಭಾಗಕ್ಕೆ ಮಂಜು ಕವಿದಿದೆ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿಯೇ ಇದು ತೂತಿನ ಪೈಸೆ, ಇದು ಅಂಚು ಮಡಿಕೆಯ ಒಂದಾಣೆ ಎನ್ನುತ್ತಾರೆ. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದು 1943ರಿಂದ ಹೊರಟ ಆ ತೂತಿನ ಪೈಸೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರೋ ನನಗೆ ತಿಳಿಯದು. ಆದರೆ ಇಸವಿ ಮತ್ತು ಅಕ್ಷರ ಬೆರಳಿಗೆ ಸಿಗುವುದಿಲ್ಲ. "ಇದರಲ್ಲಿ ಯಾವ ಇಸವಿ, ನೋಡಮ್ಮ" ಎಂದು ನನ್ನನ್ನು ಕೇಳುತ್ತಾರೆ. ನನಗೂ ಚಾಳೀಸು ಬಂದು ಹತ್ತು ವರ್ಷವಾಯಿತು.

ಮಗಳು ದೀಪಾವಳಿಗೆ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಳು. ಮೊಬೈಲ್ ಸಾಲದೇ ಎಂದೆ. ಮೊಬೈಲನ್ನು ಹತ್ತಿರ ಒಯ್ದರೆ ಅದರ ನೆರಳೇ ನಾಣ್ಯದ ಮೇಲೆ ಬೀಳುತ್ತದೆ ಎಂದು ಮಾಡಿ ತೋರಿಸಿದಳು, ತೋರಿಸಿ ಪುಣೆಯ ಬಸ್ಸು ಹತ್ತಿದಳು. ನನ್ನ ಕೈಯಲ್ಲಿ ಉಳಿದದ್ದು ಕೈಪಿಡಿ. ಬಿ.ಎ.ಯಲ್ಲಿ ಶೇಕ್ಸ್‌ಪಿಯರನನ್ನು ಓದಿ ಪಾಸಾದವಳಿಗೆ ಆ ಕೈಪಿಡಿಯ ಇಂಗ್ಲಿಷು ಒಂದು ಪುಟವೂ ತಲೆಗೆ ಹತ್ತಲಿಲ್ಲ!

ಮೊದಲ ದಿನ ಫ್ಲ್ಯಾಶ್ ಹಾಕಿ ತೆಗೆದೆ. ಬೆಳ್ಳಿ ರೂಪಾಯಿ ಒಂದು ಬಿಳಿಯ ಬಿಲ್ಲೆಯಾಯಿತು, ರಾಜನ ಮೂಗೂ ಇಲ್ಲ ಕಿರೀಟವೂ ಇಲ್ಲ. ಫ್ಲ್ಯಾಶ್ ಆರಿಸಿ ಅಡುಗೆಮನೆಯ ಹಳದಿ ಬಲ್ಬಿನಡಿ ತೆಗೆದರೆ ಬೆಳ್ಳಿ ಹಿತ್ತಾಳೆಯಾಯಿತು. ಬಲ್ಬಿನ ಬಣ್ಣಕ್ಕೆ ತಕ್ಕಂತೆ ವೈಟ್ ಬ್ಯಾಲೆನ್ಸ್ ಎಂಬುದನ್ನು ಬದಲಿಸಬೇಕಂತೆ. ಅದು ಗೊತ್ತಾಗಲು ವಾರ ಹಿಡಿಯಿತು. ಹೂವಿನ ಗುರುತಿನ ಮ್ಯಾಕ್ರೋ ಒತ್ತಿದರೆ ಹತ್ತಿರದ್ದು ಕಾಣುತ್ತದೆ, ನಿಜ. ಆದರೆ ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಹಪ್ಪಳದಷ್ಟು ತೆಳು. ಕ್ಯಾಮೆರಾ ಕೊಂಚ ವಾಲಿದರೂ ನಾಣ್ಯದ ಒಂದು ಅಂಚು ಚೆನ್ನ, ಇನ್ನೊಂದು ಅಂಚು ಮಂಜು. ಅದಕ್ಕೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ ನೇರ ಕೆಳಗೆ ನೋಡುವಂತೆ ನಿಲ್ಲಿಸಬೇಕು. ನಾಣ್ಯ ಇಡುವ ಜಾಗದಲ್ಲಿ ಪುಟ್ಟ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ನೇರವಾಗಿದೆ ಎಂದರ್ಥ. ಕಿಂಡಿಯನ್ನು ಎಫ್ 8ಕ್ಕೆ ಇಟ್ಟರೆ ಪದರ ಸ್ವಲ್ಪ ದಪ್ಪವಾಗುತ್ತದೆ. ಇದರಲ್ಲಿ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು; ಈ ಉಲ್ಟಾ ಲೆಕ್ಕ ಯಾರ ತಲೆಯದೋ! ಐಎಸ್ಓ 100. ಗುಂಡಿ ಒತ್ತುವಾಗಿನ ಕೈನಡುಕ ಬಾರದಂತೆ ಎರಡು ಸೆಕೆಂಡಿನ ಟೈಮರ್.

ಬೆಳಕಿನ ಪಾಠ ನನಗೆ ಸಿಕ್ಕಿದ್ದು ಬಾಲ್ಕನಿಯಲ್ಲಿ. ನೆತ್ತಿಯ ಮೇಲಿನ ಬೆಳಕು ನಾಣ್ಯವನ್ನು ಚಪ್ಪಟೆ ಮಾಡುತ್ತದೆ. ಓರೆಯಾಗಿ ಬೀಳುವ ಬೆಳಕಿನಲ್ಲಿ ಸವೆದ ಅಕ್ಷರಕ್ಕೂ ಒಂದು ನೆರಳು ಹುಟ್ಟಿ ಅದು ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಒಂಬತ್ತರ ಬಿಸಿಲಿಗೆ ಬಟರ್ ಪೇಪರಿನ ಪರದೆ ಕಟ್ಟಿ, ಎದುರು ಬದಿಗೆ ಬಿಳಿಯ ರಟ್ಟು ನಿಲ್ಲಿಸಿದೆ. ಚಕ್ಕುಲಿ ಸುತ್ತಲು ತಂದ ಕಾಗದ ಕೊನೆಗೂ ಕೆಲಸಕ್ಕೆ ಬಂತು ಅನ್ನಿ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ಡಬ್ಬಿಯಲ್ಲಿ ಗಲ್ಲಾದಿಂದ ಬಾರದ ಒಂದು ನಾಣ್ಯವಿತ್ತು. ಊರಿನಲ್ಲಿ ಮಾವನವರ ಅಜ್ಜಿ ಕೊಟ್ಟದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಒಂದು ಬದಿಗೆ ಆನೆ, ಮೇಲೆ ಸೂರ್ಯ ಚಂದ್ರ, ನಡುವೆ ಕನ್ನಡದ 'ಶ್ರೀ'. ಕಪ್ಪಾಗಿದೆ, ಚಿತ್ರ ಚೆನ್ನಾಗಿ ಬರಲಿ ಎಂದು ದೇವರ ದೀಪ ತಿಕ್ಕುವ ಹಾಗೆ ಹುಣಿಸೆಹಣ್ಣು ಹಚ್ಚಿ ತಿಕ್ಕಿದೆ. ಹೊಳೆಯಿತು, ಹೌದು. ಆದರೆ ಆ ಕಂದು ಪದರವೇ ತಾಮ್ರದ ಕವಚ, ಹುಳಿ ಅದನ್ನೂ ಕೆಳಗಿನ ತುಸು ಲೋಹವನ್ನೂ ತಿಂದು ಹಾಕುತ್ತದೆ ಎಂದು ಆಮೇಲೆ ಓದಿದೆ. ನಾಣ್ಯ ಸಂಗ್ರಹಿಸುವವರು ತೊಳೆದ ನಾಣ್ಯವನ್ನು ಕೈಯಲ್ಲೂ ಮುಟ್ಟುವುದಿಲ್ಲವಂತೆ. ಸಂಜೆ ಮಾವನವರು ಅದನ್ನು ಸವರಿ, "ಇದು ನಮ್ಮದಲ್ಲ. ನುಣ್ಣಗಿದೆ" ಎಂದರು. ನಮ್ಮದೇ ಎಂದು ಒಪ್ಪಿಸಲು ನಾನು ಹುಣಿಸೆಯ ಕಥೆ ಹೇಳಲೇಬೇಕಾಯಿತು. ಅವರು ಬೈಯಲಿಲ್ಲ. ಎರಡು ದಿನ ಡಬ್ಬಿ ಕೇಳಲಿಲ್ಲ, ಅಷ್ಟೇ.

ಮೂರನೆಯ ದಿನ ಚಿತ್ರಗಳನ್ನು ಟಿವಿಗೆ ಹಾಕಿದೆ. ಹದಿನಾರು ಮಿಲಿಮೀಟರಿನ 1957ರ ಒಂದು ನಯಾ ಪೈಸೆ ಗೋಡೆಯ ಮೇಲೆ ಊಟದ ತಟ್ಟೆಗಿಂತ ದೊಡ್ಡದಾಯಿತು. ಮಾವನವರು ಕುರ್ಚಿಯನ್ನು ಮುಂದಕ್ಕೆಳೆದು, ಮುಖ ಸ್ವಲ್ಪ ಓರೆ ಮಾಡಿ ಕಣ್ಣಂಚಿನಿಂದ ನೋಡಿದರು. "ಒಂದು, ಒಂಬತ್ತು, ಐದು, ಏಳು." ಆಮೇಲೆ, "ಇಸವಿಯ ಕೆಳಗೆ ಏನದು?" ನಾನು ಕೂದಲೋ ಧೂಳೋ ಎಂದುಕೊಂಡಿದ್ದೆ. ಇನ್ನಷ್ಟು ಹಿಗ್ಗಿಸಿದೆ. ಪುಟ್ಟ ವಜ್ರದ ಆಕಾರ. ಅದು ಮುಂಬಯಿ ಟಂಕಸಾಲೆಯ ಗುರುತು. ಹೈದರಾಬಾದಿನದಕ್ಕೆ ನಕ್ಷತ್ರ, ಕೋಲ್ಕತ್ತಾದ್ದಕ್ಕೆ ಗುರುತೇ ಇಲ್ಲ. ನಿಮ್ಮ ಜೇಬಿನ ರೂಪಾಯಿಯಲ್ಲೂ ಹುಡುಕಿ ನೋಡಿ. ನಮ್ಮ ಫೋರ್ಟಿನ ಟಂಕಸಾಲೆಯಲ್ಲಿ ಹುಟ್ಟಿ ಮಾಟುಂಗಾದ ಗಲ್ಲಾ ಸೇರಿದ ಪೈಸೆ! ಅರವತ್ತು ವರ್ಷಕ್ಕೂ ಮೇಲೆ ಇಟ್ಟುಕೊಂಡವರಿಗೂ ಇದು ಗೊತ್ತಿರಲಿಲ್ಲ.

ಮುಂದಿನ ಚಿತ್ರ ಆನೆಯದು. ನಾನು ಬೇಗ ದಾಟಿಸಲು ಹೋದೆ.

"ನಿಲ್ಲಿಸು" ಎಂದರು. ಬಹಳ ಹೊತ್ತು ನೋಡಿದರು. 'ಶ್ರೀ'ಯನ್ನು ಗಾಳಿಯಲ್ಲಿ ಬೆರಳಿನಿಂದ ಬರೆದರು. "ಇನ್ನೊಂದು ಬದಿಯಲ್ಲಿ 'ಮಯಿಲಿ ಕಾಸು' ಅಂತ ಇರಬೇಕು. ಅಜ್ಜಿ ಓದಿಸುತ್ತಿದ್ದಳು. ಅದನ್ನು ಹಾಕು."

ಆ ಬದಿಯ ಚಿತ್ರ ನಾನು ತೆಗೆದೇ ಇರಲಿಲ್ಲ. ನಾಳೆ ಒಂಬತ್ತಕ್ಕೆ ಬಿಸಿಲು ಬರುತ್ತದೆ ಎಂದೆ.

"ತೊಳೀಬೇಡ" ಎಂದರು.