ವಿದ್ಯುತ್ ಕ್ಷೇತ್ರ ಮತ್ತು ಚರ್ಮಕೋಶಗಳು: ಒಂದು ವಿವೇಚನೆ

ವಿದ್ಯುತ್ಕಾಂತೀಯ ಕ್ಷೇತ್ರಗಳು ಚರ್ಮಕೋಶಗಳ ಮೇಲೆ ಬೀರುವ ಪರಿಣಾಮವನ್ನು ಚರ್ಚಿಸುವಾಗ, ಚರ್ಮವು ತಾನೇ ವಿದ್ಯುತ್ ಕ್ಷೇತ್ರವೊಂದನ್ನು ಉಂಟುಮಾಡುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಹೊರಚರ್ಮವು ಸೋಡಿಯಂ ಅಯಾನುಗಳನ್ನು ಒಳಮುಖವಾಗಿ ಸಾಗಿಸುವುದರಿಂದ ಅದರ ಎರಡು ಪಾರ್ಶ್ವಗಳ ನಡುವೆ ವಿಭವಾಂತರ ಏರ್ಪಡುತ್ತದೆ. ಗಾಯವಾದೊಡನೆ ಈ ತಡೆಗೋಡೆ ಒಡೆದು, ಗಾಯದ ಕಡೆಗೆ ವಿದ್ಯುತ್ ಹರಿಯತೊಡಗುತ್ತದೆ. ಜರ್ಮನಿಯ ಶರೀರಕ್ರಿಯಾವಿಜ್ಞಾನಿ ಎಮಿಲ್ ಡು ಬ್ವಾ-ರೇಮಂಡ್ 1840ರ ದಶಕದಲ್ಲಿಯೇ ತಮ್ಮ ಬೆರಳಿನ ಗಾಯದಲ್ಲಿ ಈ ಪ್ರವಾಹವನ್ನು ಅಳೆದಿದ್ದರು. ಗಿನಿಪಿಗ್‌ನ ಚರ್ಮದಲ್ಲಿ ಗಾಯದಂಚಿನ ಕ್ಷೇತ್ರವು ಮಿಲಿಮೀಟರಿಗೆ ಸುಮಾರು 140 ಮಿಲಿವೋಲ್ಟ್ ಇರುವುದಾಗಿ ಬಾರ್ಕರ್, ಜಾಫೆ ಮತ್ತು ವನೇಬಲ್ 1982ರಲ್ಲಿ ವರದಿ ಮಾಡಿದರು.

ಮಾನವನ ಕೆರಟಿನೊಸೈಟ್ ಕೋಶಗಳನ್ನು ಪ್ರಯೋಗಾಲಯದಲ್ಲಿ ಇಂತಹ ಸ್ಥಿರ ಕ್ಷೇತ್ರದಲ್ಲಿರಿಸಿದಾಗ ಅವು ಋಣಾಗ್ರದತ್ತ ಚಲಿಸುತ್ತವೆ. ಗಾಯದ ಮಧ್ಯಭಾಗವೇ ಋಣಾಗ್ರದಂತಿರುವುದರಿಂದ ಈ ಚಲನೆಯು ಗಾಯವನ್ನು ಮುಚ್ಚಲು ಪೂರಕವಾಗಿದೆ. 2006ರಲ್ಲಿ ಮಿನ್ ಝಾವೊ ಮತ್ತು ಸಂಗಡಿಗರು ಈ ಪ್ರತಿಕ್ರಿಯೆಯಲ್ಲಿ ಪಿಐ3 ಕೈನೇಸ್ ಗಾಮಾ ಹಾಗೂ ಪಿಟೆನ್ ಜೀನುಗಳ ಪಾತ್ರವನ್ನು ತೋರಿಸಿಕೊಟ್ಟರು.

ಆದರೆ ಕೋಶದ ಚಲನೆ ಬೇರೆ, ವೃದ್ಧಿ ಬೇರೆ. ಗಾಯ ಬೇಗ ಮುಚ್ಚಿದ ಮಾತ್ರಕ್ಕೆ ಕೋಶವಿಭಜನೆ ಹೆಚ್ಚಿತೆಂದು ತೀರ್ಮಾನಿಸಲಾಗದು. ಅಂತೆಯೇ, ಸ್ಥಿರ ಕ್ಷೇತ್ರದ ಫಲಿತಾಂಶಗಳನ್ನು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ದಿಕ್ಕು ಬದಲಿಸುವ ಮೊಬೈಲ್ ತರಂಗಗಳಿಗೆ ನೇರವಾಗಿ ಅನ್ವಯಿಸಲಾಗದು. ಆವರ್ತನ, ತೀವ್ರತೆ, ಅವಧಿಗಳನ್ನು ನಮೂದಿಸದ ಹೇಳಿಕೆಯು, ಚಿಕಿತ್ಸೆಯ ಭರವಸೆಯಾಗಿರಲಿ, ಅಪಾಯದ ಎಚ್ಚರಿಕೆಯಾಗಿರಲಿ, ವೈಜ್ಞಾನಿಕವಾಗಿ ಅಪೂರ್ಣವೇ ಸರಿ.