ಚಿತ್ರ ಅರಳುವ ಮೊದಲೇ
ಕಾಡಂಚಿನ ಸಂಶೋಧನಾ ಕೇಂದ್ರವೊಂದರಲ್ಲಿ ಯುವ ಸಂಶೋಧಕಿಯೊಬ್ಬರು ತಮ್ಮ ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದ್ದನ್ನು ನೋಡಿ ಬಂದೆ. ಆ ಬೆರಗು ಇನ್ನೂ ಇಳಿದಿಲ್ಲ. ಅವರ ಬಳಿ ಇದ್ದದ್ದು ಕ್ಯಾಮೆರಾ ಟ್ರ್ಯಾಪಿನ ಚಿತ್ರಗಳ ರಾಶಿ: ಹುಲಿ, ಕಡವೆ, ಕಾಟಿ, ಮತ್ತೆ ಮತ್ತೆ ಗಾಳಿಗೆ ಅಲುಗಿದ ಬರೀ ಹುಲ್ಲು. ಪ್ರಾಣಿ ಇರುವವನ್ನು ಕಂಪ್ಯೂಟರೇ ಹೆಕ್ಕಿ ಕೊಡಬೇಕು. ಆದರೆ 16 ಜಿಬಿ ಲ್ಯಾಪ್‌ಟಾಪ್ ಪದೇ ಪದೇ ಉಸಿರುಕಟ್ಟಿ ನಿಲ್ಲುತ್ತಿತ್ತು.

ಕಾರ್ಡಿನಲ್ಲಿ ನಾಲ್ಕೈದು ಎಂಬಿ ಇರುವ ಜೆಪೆಗ್ ಚಿತ್ರ, ತೆರೆದೊಡನೆ ಎಣ್ಣೆಗೆ ಬಿದ್ದ ಸಂಡಿಗೆಯಂತೆ ಅರಳುತ್ತದೆ. 4000×3000 ಪಿಕ್ಸೆಲ್, ಒಂದೊಂದಕ್ಕೂ ಮೂರು ಬಣ್ಣ, ಬಣ್ಣಕ್ಕೊಂದು ಬೈಟ್: 36 ಎಂಬಿ. 32 ಬಿಟ್ಟಿನ ದಶಾಂಶಕ್ಕೆ ಬದಲಿಸಿದರೆ 144. ಎಲ್ಲವನ್ನೂ ಒಟ್ಟಿಗೆ ತುಂಬಬೇಡಿ, ಕಂತು ಕಂತಾಗಿ ಓದಿ, ಕೊನೆಯವರೆಗೂ ಬೈಟಿನಲ್ಲೇ ಇಟ್ಟುಕೊಳ್ಳಿ ಎಂಬುದೆಲ್ಲ ಈ ಕೆಲಸದವರಿಗೆ ಗೊತ್ತಿರುವುದೇ. ಅವರೂ ಹಾಗೇ ಮಾಡಿದ್ದರು. ಆದರೆ ಎಂಟು ಪ್ರೋಸೆಸ್‌ಗಳು ತಲಾ 32 ಚಿತ್ರಗಳನ್ನು ಪೂರ್ತಿ ಅರಳಿಸಿಕೊಂಡು ಆಮೇಲೆ ಕುಗ್ಗಿಸುತ್ತಿದ್ದವು. ಅಲ್ಲಿಗೇ 9 ಜಿಬಿ ದಾಟಿತು.

‘ರ‍್ಯಾಮ್ ಹಾಕಿಸಿ ಅಂತ ಎಲ್ರೂ ಹೇಳಿದ್ರು ಸರ್. ಪೂರ್ತಿ ಯಾಕೆ ಬಿಚ್ಚಬೇಕು ಅಂತ ಯಾರೂ ಕೇಳಲಿಲ್ಲ’ ಎಂದರು. ಹೊಸ ರ‍್ಯಾಮ್ ಕೊಳ್ಳುವುದೇ ಪರಿಹಾರ ಎನ್ನುವವರ ಮೇಲೆ ನನಗೂ ನಂಬಿಕೆ ಕಡಿಮೆ.

ಅವರು ಸೇರಿಸಿದ್ದು ಚಿತ್ರಗಳನ್ನು ತೆರೆಯುವ ಪಿಲ್ಲೋ ಲೈಬ್ರರಿಯ ‘ಡ್ರಾಫ್ಟ್’. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ 64 ಸಂಖ್ಯೆಗಳಾಗಿ ಬರೆದಿಡುತ್ತದೆ. ಅವುಗಳಲ್ಲಿ ಮೊದಲನೆಯದು ಆ ಚೌಕದ ಸರಾಸರಿ. ಅದೊಂದನ್ನೇ ಹಿಡಿದು ಉಳಿದ 63ನ್ನು ಬದಿಗಿಟ್ಟರೆ 500×375ರ ಚಿತ್ರ ನೇರವಾಗಿ ಕೈಗೆ ಬರುತ್ತದೆ. ದೊಡ್ಡ ಚಿತ್ರ ಮೆಮೊರಿಯಲ್ಲಿ ಹುಟ್ಟುವುದೇ ಇಲ್ಲ. ಅಷ್ಟೂ ಚಿತ್ರಗಳಿಗೆ 9 ಜಿಬಿಯ ಜಾಗದಲ್ಲಿ 144 ಎಂಬಿ! ಪಿಕ್ಸೆಲ್ ಓದುವ ಮೊದಲೇ ಈ ಸಾಲು ಬರಬೇಕು, ಮತ್ತು ಪಿಎನ್‌ಜಿಗೆ ಇದು ನಡೆಯದು. ಪಿಲ್ಲೋದ ‘ಥಂಬ್‌ನೇಲ್’ ಈ ದಾರಿಯನ್ನು ತಾನೇ ಹಿಡಿಯುತ್ತದೆ, ‘ರೀಸೈಜ್’ ಹಿಡಿಯುವುದಿಲ್ಲ.

ಆ 64 ಸಂಖ್ಯೆಗಳ ಹಿಂದಿನ ಗಣಿತ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ರೂಪಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ನಮ್ಮ ಯುವಿಸಿಇಯಲ್ಲೇ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿದವರು. 1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಇದಕ್ಕೆ ಹಣ ಕೊಡಲು ಒಪ್ಪಲಿಲ್ಲ. ಆದರೂ ಟಿ. ನಟರಾಜನ್, ಕೆ.ಆರ್. ರಾವ್ ಜೊತೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಮಾನದಂಡವಾದದ್ದು 1992ರಲ್ಲಿ. ಅಹ್ಮದ್ ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಆದರೆ ಡ್ರಾಫ್ಟ್ ಕೊಡುವ ಸರಾಸರಿಗಳ ಚಿತ್ರದಲ್ಲಿ ದೂರದ ಮುಂಗುಸಿ ಕಳೆದುಹೋಗಬಹುದು. ಪಟ್ಟೆ ನೋಡಿ ಯಾವ ಹುಲಿ ಎಂದು ಗುರುತಿಸಲೂ ಇದು ಸಾಲದು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಬಳಕೆಗೆ ತಂದ ಆ ವಿಧಾನಕ್ಕೆ ಪೂರ್ತಿ ಚಿತ್ರವೇ ಬೇಕು. ಹಾಗಾಗಿ ಸಂಶೋಧಕಿ ಮೊದಲ ಜರಡಿಗೆ ಮಾತ್ರ ಡ್ರಾಫ್ಟ್ ಇಟ್ಟುಕೊಂಡು, ಹುಲಿ ಸಿಕ್ಕ ಚಿತ್ರಗಳನ್ನಷ್ಟೇ ಒಂದೊಂದಾಗಿ 36 ಎಂಬಿಗೆ ಅರಳಿಸುತ್ತಾರೆ.