ಕಾಣದ ವೇದಾವತಿಯನ್ನು ಕಂಪ್ಯೂಟರಿನಲ್ಲಿ ಹರಿಸಿದವರು

ಎಮ್ಮೆದೊಡ್ಡಿಯ ಕಾಡಂಚಿನಲ್ಲಿ ಬಿದ್ದ ಮಳೆಹನಿ ಎಲ್ಲಿಗೆ ಹೋಗುತ್ತದೆ? ಕಣ್ಣಿಗೆ ಕಾಣುವ ದಾರಿಯೇನೋ ಗೊತ್ತಿದೆ. ಬಾಬಾಬುಡನ್ ಗಿರಿಯ ಮೂಡಣ ಇಳಿಜಾರು ಹಿಡಿದು ಮದಗದ ಕೆರೆ ಸೇರುತ್ತದೆ. ಕೆರೆ ಕೋಡಿ ಬಿದ್ದರೆ ಅವತಿ ಹೊಳೆಯಾಗುತ್ತದೆ. ಅಯ್ಯನಕೆರೆಯ ಕಡೆಯಿಂದ ಬರುವ ವೇದಾ ಹೊಳೆಯನ್ನು ಕಡೂರು ಸೀಮೆಯಲ್ಲಿ ಕೂಡಿಕೊಂಡು, ವೇದಾವತಿಯೆಂಬ ಹೆಸರು ಹೊತ್ತು ಮಾರಿಕಣಿವೆಯ ವಾಣಿವಿಲಾಸ ಸಾಗರಕ್ಕೆ ಹೋಗಿ ನಿಲ್ಲುತ್ತದೆ. 1933ರಲ್ಲಿ ತುಂಬಿ ಕೋಡಿ ಹರಿದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜನ ಜಾತ್ರೆಗೆ ಹೋದಂತೆ ನೋಡಲು ಹೋದರು.

ಆದರೆ ಅದೇ ಮಳೆಯ ಇನ್ನೊಂದು ಪಾಲು ಸದ್ದಿಲ್ಲದೆ ನೆಲದೊಳಗೆ ಇಳಿಯುತ್ತದೆ. ಶಿಥಿಲಗೊಂಡ ಕಲ್ಲಿನ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ, ವರ್ಷಕ್ಕೆ ಎಷ್ಟೋ ಅಷ್ಟು ತೆವಳುತ್ತದೆ. ಕಡೂರು, ಅಜ್ಜಂಪುರದ ತೆಂಗು ಅಡಿಕೆ ತೋಟಗಳೆಲ್ಲ ಬೇಸಗೆಯಲ್ಲಿ ಉಸಿರಾಡುವುದು ಈ ಕಾಣದ ವೇದಾವತಿಯಿಂದ. ಅದನ್ನು ನೋಡಿದವರು ಯಾರು?

ನೋಡಹೊರಟವರಿದ್ದರು! 1986ರಲ್ಲಿ, ನಮ್ಮ ಹೆಚ್ಚಿನ ಕಾಲೇಜುಗಳು ಕಂಪ್ಯೂಟರಿನ ಮುಖವನ್ನೇ ಕಂಡಿರದ ದಿನಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಶ್ರೀಧರನ್, ಎನ್. ಎಸ್. ಲಕ್ಷ್ಮಣ ರಾವ್, ಎಂ. ಎಸ್. ಮೋಹನ್ ಕುಮಾರ್ ಮತ್ತು ಸಂಗಡಿಗರು ‘ಸಾಧನಾ’ ವಿಜ್ಞಾನ ಪತ್ರಿಕೆಯಲ್ಲಿ ವೇದಾವತಿ ಅಂತರ್ಜಲ ಪ್ರದೇಶದ ಕಂಪ್ಯೂಟರ್ ಮಾದರಿಯನ್ನು ಪ್ರಕಟಿಸಿದರು. ನಮ್ಮ ವೇದಾವತಿ! ಈ ಗುಡ್ಡಗಳ ಮಗ್ಗುಲಲ್ಲಿ ಹುಟ್ಟುವ ಹೊಳೆಯ ನೆಲದಡಿಯ ನೀರು ಸಮೀಕರಣಗಳಾಗಿ ಯಂತ್ರದೊಳಗೆ ಹರಿದು ನಾಲ್ಕು ದಶಕಗಳೇ ಆಗಿವೆ. ಈ ಸಂಗತಿ ತಿಳಿದ ದಿನ ನನಗೆ ಮೈ ಜುಮ್ಮೆಂದಿತು.

ಹರಿಸುವುದು ಹೇಗೆ? ಇದರ ಮೂಲಸೂತ್ರ ಎಂಥ ಮಗುವಿಗೂ ಅರ್ಥವಾಗುವಷ್ಟು ಸರಳ. ನಕ್ಷೆಯ ಮೇಲೆ ಇಡೀ ಸೀಮೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ. ಒಂದೊಂದು ಚೌಕಕ್ಕೂ ಒಂದೇ ಲೆಕ್ಕ: ಒಳಗೆ ಬಂದ ನೀರಿನಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದೇ ಸಂಗ್ರಹ. ಮಳೆ ಬಂತು, ಕೂಡಿಸಿ. ಪಂಪು ಎತ್ತಿತು, ಕಳೆಯಿರಿ. ಪಕ್ಕದ ಚೌಕದ ನೀರಿನ ಮಟ್ಟ ತಗ್ಗಿನಲ್ಲಿದ್ದರೆ ಒಂದಿಷ್ಟು ನೀರು ಅತ್ತ ಜರುಗುತ್ತದೆ. ಎಷ್ಟು ಜರುಗುತ್ತದೆ ಎಂಬುದಕ್ಕೆ ಫ್ರಾನ್ಸಿನ ದಿಜೋನ್ ಊರಿಗೆ ನೀರು ತಂದುಕೊಟ್ಟ ಎಂಜಿನಿಯರ್ ಆನ್ರಿ ಡಾರ್ಸಿ 1856ರಲ್ಲೇ ಸೂತ್ರ ಕೊಟ್ಟಿದ್ದಾನೆ: ಮಟ್ಟದ ಇಳಿಜಾರು ಹೆಚ್ಚಿದಷ್ಟೂ ಹರಿವು ಹೆಚ್ಚು, ಕಲ್ಲು ಬಿಗಿಯಾದಷ್ಟೂ ಹರಿವು ಕಡಿಮೆ. ಇಷ್ಟೇ ನಿಯಮ! ಆದರೆ ಸಾವಿರ ಚೌಕಗಳಲ್ಲಿ ದಿನದಿನವೂ ಈ ಲೆಕ್ಕ ಒಟ್ಟೊಟ್ಟಿಗೆ ನಡೆಯಬೇಕು. ಒಂದರ ಉತ್ತರ ಇನ್ನೊಂದರ ಪ್ರಶ್ನೆಯಾಗುತ್ತದೆ. ಮನುಷ್ಯನ ಕೈಗೆ ಅದು ಎಟುಕದು. ಯಂತ್ರ ಮಾತ್ರ ದಣಿಯದೆ ಮಾಡುತ್ತದೆ, ಹತ್ತು ವರ್ಷಗಳ ಮಳೆ ಬೇಸಗೆಯನ್ನು ನಿಮಿಷಗಳಲ್ಲಿ ಓಡಿಸಿ ತೋರಿಸುತ್ತದೆ.

ಕಂಪ್ಯೂಟರಿಗೆ ಹೋಗುವ ಮೊದಲು ಒಂದೇ ಒಂದು ಚೌಕವನ್ನು ಕಾಗದದ ಮೇಲೆ ಹರಿಸಿ ನೋಡೋಣ ಬನ್ನಿ. ಬಯಲು ಕಡೂರಿನ ಮಳೆ ವರ್ಷಕ್ಕೆ 600 ಮಿ.ಮೀ. ಎಂದಿಟ್ಟುಕೊಳ್ಳಿ. ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 60 ಮಿ.ಮೀ., ಅಂತರ್ಜಲಕ್ಕೆ ಇಳಿಯಿತು ಎನ್ನಿ. ಒಂದು ಎಕರೆಗೆ ಸುಮಾರು 2.4 ಲಕ್ಷ ಲೀಟರ್ ಆಯಿತು. ಅಬ್ಬಾ, ಎಷ್ಟೊಂದು ನೀರು! ಈಗ ಅದೇ ಎಕರೆಯಲ್ಲಿ 550 ಅಡಿಕೆ ಮರಗಳಿವೆ, ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್. ದಿನವೊಂದಕ್ಕೆ 11,000 ಲೀಟರ್. ಇಡೀ ವರ್ಷದ ಮಳೆ ನೆಲಕ್ಕೆ ಇಳಿಸಿದ್ದು 22 ದಿನಕ್ಕೆ ಖಾಲಿ! ಡಿಸೆಂಬರಿನಿಂದ ಮೇ ತನಕ ತೋಟ ಹಸಿರಾಗಿರಬೇಕಾದರೆ ಸುಮಾರು ಎಂಟು ಎಕರೆಯ ಮಳೆ ಬೇಕು. ಉಳಿದ ಏಳು ಎಕರೆ ಯಾವುದು? ಅಕ್ಕಪಕ್ಕದ ರಾಗಿ ಹೊಲ, ಗೋಮಾಳ, ಕಾವಲು, ಕೆರೆಯಂಗಳ. ಪಾಳು ಎಂದು ಕಾಣುವ ಆ ನೆಲಗಳೆಲ್ಲ ತೋಟಕ್ಕೆ ನೀರು ಕೂಡಿಡುತ್ತಿವೆ. ಒಂದು ಚೌಕದ ಲೆಕ್ಕವೇ ಇಷ್ಟು ಹೇಳಿದರೆ, ಸಾವಿರ ಚೌಕಗಳು ಕೂಡಿ ಏನೆಲ್ಲ ಹೇಳಬಹುದು!

ಇನ್ನೊಂದು ಬೆರಗು ಬಂಡೆಯದು. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಬಿಟ್ಟುಕೊಡುವ ಜಾಗ ನೂರಕ್ಕೆ ಒಂದರಿಂದ ಮೂರು ಪಾಲು ಮಾತ್ರ. ಎರಡು ಪಾಲು ಎಂದು ಹಿಡಿದರೆ, 60 ಮಿ.ಮೀ. ನೀರು ಇಳಿದೊಡನೆ ಬಾವಿಯ ಮಟ್ಟ ಮೂರು ಮೀಟರ್ ಏರುತ್ತದೆ. ಹಸ್ತ ಚಿತ್ತ ಮಳೆ ಚೆನ್ನಾಗಿ ಬಂದರೆ ಬಾವಿ ದಿಢೀರನೆ ಮೇಲೆ ಬರುವುದೂ, ಪಂಪು ಓಡಿಸಿದರೆ ಅಷ್ಟೇ ದಿಢೀರನೆ ಇಳಿಯುವುದೂ ಇದಕ್ಕೇ. ಹೊಸದಾಗಿ ಕೊರೆಸಿದ ಬೋರಿನಲ್ಲಿ ಎರಡಿಂಚು ನೀರು ಬಿದ್ದ ಸಂಭ್ರಮದ ಹಿಂದೆಯೇ ಪಕ್ಕದ ತೋಟದ ಬೋರು ಸೊರಗುವುದನ್ನು ಮಾದರಿಯ ನಕ್ಷೆಯಲ್ಲಿ ಕಣ್ಣಾರೆ ಕಾಣಬಹುದು: ಎರಡು ಬೋರುಗಳ ಸುತ್ತ ನೀರಿನ ಮಟ್ಟ ತಗ್ಗುತ್ತಾ ತಗ್ಗುತ್ತಾ, ಎರಡು ತಗ್ಗುಗಳೂ ಒಂದನ್ನೊಂದು ಮುಟ್ಟುತ್ತವೆ.

ಮಾದರಿ ಎಲ್ಲಿ ತಪ್ಪುತ್ತದೋ ಅಲ್ಲಿ ಇನ್ನೂ ದೊಡ್ಡ ಗುಟ್ಟು ಬಿಚ್ಚಿಕೊಳ್ಳುತ್ತದೆ! ಬಂಡೀಪುರದ ಮೂಲೆಹೊಳೆಯ ಒಣ ಎಲೆಯುದುರುವ ಕಾಡಿನಲ್ಲಿ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಮಳೆ, ಹಳ್ಳದ ಹರಿವು, ಅಂತರ್ಜಲದ ಮಟ್ಟಗಳನ್ನು ವರ್ಷಗಟ್ಟಲೆ ಅಳೆದು ನೀರಿನ ಲೆಕ್ಕವನ್ನು ಮಾದರಿಗೆ ಹಾಕಿದರು. ಮರದ ಬೇರು ಮೇಲುಮಣ್ಣಿನಲ್ಲಷ್ಟೇ ಕುಡಿಯುತ್ತದೆ ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಬೇರು ಆಳದ ಶಿಥಿಲ ಕಲ್ಲಿನ ಪದರದಿಂದಲೂ ನೀರು ಎಳೆಯುತ್ತದೆ ಎಂದು ಒಪ್ಪಿದಾಗ ಲೆಕ್ಕ ಕೂಡಿತು. ಆ ಪದರ ನಮ್ಮ ಹಿರಿಯರ ರಾಗಿ ಹಗೇವಿನ ಹಾಗೆ: ಬರಗಾಲದಲ್ಲಿ ಕಾಡು ಅದನ್ನು ತೋಡಿಕೊಂಡು ಉಣ್ಣುತ್ತದೆ, ಒಳ್ಳೆಯ ಮಳೆ ಬಂದಾಗ ಮೊದಲು ತುಂಬಬೇಕಾದದ್ದೂ ಅದೇ. ಅದು ತುಂಬಿದ ಮೇಲಷ್ಟೇ ಅಂತರ್ಜಲಕ್ಕೆ ನೀರು. ‘ಈ ಸಲ ಮಳೆ ಆಯ್ತಲ್ಲ, ಬೋರು ಯಾಕೆ ಏಳಲಿಲ್ಲ?’ ಎಂದು ಕೇಳುವವರಿಗೆ ಎಂಥ ಉತ್ತರ ಇದು! ಹೋದ ವರ್ಷಗಳ ಬರವನ್ನು ನೆಲ ಇನ್ನೂ ನೆನಪಿಟ್ಟುಕೊಂಡಿರುತ್ತದೆ.

ಅಲ್ಲಿಂದ ದೂರವಲ್ಲದ ಗುಂಡ್ಲುಪೇಟೆಯ ಬೇರಂಬಾಡಿಯಲ್ಲಿ ಈ ವಿಜ್ಞಾನಿಗಳು ಮತ್ತೂ ಒಂದು ಹೆಜ್ಜೆ ಮುಂದೆ ಹೋದರು. ನಮಸ್ತೆ ಎಂಬ ಮಾದರಿ ಕಟ್ಟಿದರು. ಅದರಲ್ಲಿ ನೀರು, ಮಣ್ಣು, ಬೆಳೆಗಳ ಜೊತೆಗೆ ರೈತರೂ ಇದ್ದಾರೆ! ಮಳೆ ನೋಡಿ ಯಾವ ಬೆಳೆ ಇಡುವುದು, ಬಾವಿಯಲ್ಲಿ ನೀರೆಷ್ಟಿದೆ ಎಂದು ನೋಡಿ ಎಷ್ಟು ಹಾಯಿಸುವುದು ಎಂದು ಮಾದರಿಯೊಳಗಿನ ರೈತ ನಿರ್ಧರಿಸುತ್ತಾನೆ. ಅವನ ನಿರ್ಧಾರಕ್ಕೆ ನೀರಿನ ಮಟ್ಟ ಬದಲಾಗುತ್ತದೆ, ಬದಲಾದ ಮಟ್ಟ ಅವನ ಮುಂದಿನ ನಿರ್ಧಾರವನ್ನು ತಿರುಗಿಸುತ್ತದೆ. ನೆಲ ಮತ್ತು ಮನುಷ್ಯ ಒಬ್ಬರಿಗೊಬ್ಬರು ಕೊಡುವ ಉತ್ತರಗಳೇ ಒಂದು ಸೀಮೆಯ ಭವಿಷ್ಯ ಎಂಬುದು ಅಲ್ಲಿ ಲೆಕ್ಕವಾಗಿ ಕಾಣುತ್ತದೆ.

ನನ್ನ ಮನಸ್ಸು ಮತ್ತೆ ಮತ್ತೆ ಎಮ್ಮೆದೊಡ್ಡಿಗೆ ಬರುವುದು ಇದಕ್ಕೇ. ಒಂದು ಕಡೆ ಮಳೆ ಹಿಡಿದು ನಿಲ್ಲಿಸುವ ಗಿರಿಸಾಲು, ಅದರ ಮರೆಯಲ್ಲಿ ಕುರುಚಲು ಕಾಡು, ಹುಲ್ಲುಗಾವಲು, ಹಳೆಯ ಕೆರೆಗಳು, ಕೆಳಗೆ ನೀರಿಗಾಗಿ ಬಾಯಾರಿದ ತೋಟಗಳು. ಮೇಲಾಗಿ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿ ಗುಡ್ಡ ಕೊರೆದು ಬೇರೊಂದು ಕಣಿವೆಯ ನೀರನ್ನು ವೇದಾವತಿ ಸೀಮೆಗೆ ತರುತ್ತಿದೆ. ಮೂರು ವರ್ಷ ಸತತ ಬರ ಬಂದರೆ ಏನಾಗುತ್ತದೆ? ಕೆರೆಯ ಹೂಳೆತ್ತಿದರೆ ಯಾವ ಊರಿನ ಬಾವಿ ಏರುತ್ತದೆ, ಎಷ್ಟು ತಿಂಗಳ ನಂತರ? ಹತ್ತರಲ್ಲಿ ಎರಡು ಪಾಲು ಅಡಿಕೆ ರಾಗಿಗೆ ತಿರುಗಿದರೆ? ಇವನ್ನು ನಿಜವಾದ ನೆಲದ ಮೇಲೆ ಪರೀಕ್ಷಿಸಿ ನೋಡುವ ಬೆಲೆ ಒಣಗಿದ ತೆಂಗಿನ ಸಾಲುಗಳು, ಸಾಲ ಮಾಡಿ ಕೊರೆಸಿದ ಬೋರುಗಳು. ಮಾದರಿಯಲ್ಲಿ ಬರಗಾಲ ಬಂದರೆ ಯಾರ ಮನೆಯ ಒಲೆಯೂ ಆರುವುದಿಲ್ಲ.

ಬೋರಿಗೆ ಪಾಯಿಂಟ್ ತೋರಿಸುವ ಕೆಲಸ ಇದರದ್ದಲ್ಲ. ಬಂಡೆಯ ಒಂದೊಂದು ಬಿರುಕನ್ನೂ ಯಾವ ಮಾದರಿಯೂ ಅರಿಯದು. ಅದು ಹೇಳುವುದು ಊರಿನ ಒಟ್ಟು ಜಮಾಖರ್ಚು. ಅದಕ್ಕೆ ಬೇಕಾದದ್ದೂ ನಮ್ಮ ಕೈಯಲ್ಲೇ ಇದೆ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ 1984ರಲ್ಲಿ ಮೊದಲು ಹೊರತಂದ ಮಾಡ್‌ಫ್ಲೋ ಎಂಬ ಅಂತರ್ಜಲ ತಂತ್ರಾಂಶ ಇಂದು ಯಾರಿಗಾದರೂ ಉಚಿತ, ಒಂದು ಊರಿನ ಲೆಕ್ಕಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. 2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಪಂಚಾಯಿತಿಗಳೇ ನೀರಿನ ಬಜೆಟ್ ಬರೆಯುವ ದಾರಿ ತೆರೆದಿದೆ. ಶಾಲೆಯ ಅಂಗಳದಲ್ಲೊಂದು ಮಳೆಮಾಪಕ, ಊರಿನ ನಾಲ್ಕಾರು ಬಾವಿಗಳ ಮಟ್ಟವನ್ನು ವಾರಕ್ಕೊಮ್ಮೆ ಬರೆದಿಡುವ ಒಂದು ನೋಟ್‌ಬುಕ್, ಆ ಅಂಕಿಗಳನ್ನು ಯಂತ್ರಕ್ಕೆ ಉಣಿಸಬಲ್ಲ ಎಂಜಿನಿಯರಿಂಗ್ ಓದುವ ಹುಡುಗಿ ಅಥವಾ ಹುಡುಗ. ಇಷ್ಟಾದರೆ ಮುಂದಿನ ಗ್ರಾಮಸಭೆಯಲ್ಲಿ ಹೊಸ ಬೋರಿನ ಮಾತು ಬಂದಾಗ ಮೊದಲು ಮೇಜಿನ ಮೇಲೆ ನಕ್ಷೆ ಹಾಸಿ, ಇನ್ನು ಐದು ಬೇಸಗೆಗಳಲ್ಲಿ ನಮ್ಮ ನೀರು ಎಲ್ಲಿರುತ್ತದೆ ಎಂದು ಎಲ್ಲರೂ ಕೂಡಿ ನೋಡಿ, ಆಮೇಲೆ ಕೈ ಎತ್ತಬಹುದು.